ಪೀಪಾಯಿಯ ಬಿಯರು, ಗಡಿಗೆಯ ಸೇಂದಿ

ಶಾಲೆಯ ಮುಖ್ಯೋಪಾಧ್ಯಾಯರಾದವರು ಮದ್ಯದ ವಿಚಾರವನ್ನು ಎತ್ತಿಕೊಂಡರೆ ವಾಚಕ ಬಂಧುಗಳು ಹುಬ್ಬೇರಿಸುವುದು ಸಹಜ. ಇದಕ್ಕೆ ಕಾರಣರಾದವರು ನಮ್ಮಲ್ಲಿಯೇ ಅಕ್ಷರ ಕಲಿತು ಈಗ ಜರ್ಮನಿಯಲ್ಲಿ ಉದ್ಯೋಗದಲ್ಲಿರುವ ಒಬ್ಬ ತರುಣರು. ರಜೆಯಲ್ಲಿ ಊರಿಗೆ ಬಂದಿದ್ದವರು ಮಾತಿನ ನಡುವೆ, "ಸರ್, ಅಲ್ಲಿ ಒಂದೊಂದು ಊರಿಗೂ ಅದರದೇ ಬಿಯರು ಉಂಟು. ಸೀಸೆಯದಲ್ಲ, ಪೀಪಾಯಿಯಿಂದ ನೇರವಾಗಿ ಲೋಟಕ್ಕೆ ಇಳಿಸಿ ಕೊಡುವುದು. ಅದನ್ನು ಆ ಊರಿಗೆ ಹೋಗಿಯೇ ಕುಡಿಯಬೇಕು, ನಮ್ಮ ಸೇಂದಿಯ ಹಾಗೆಯೇ" ಎಂದರು. ನಾವು ಮದ್ಯ ಸೇವಿಸುವವರಲ್ಲ. ಸೇವಿಸಿರೆಂದು ಯಾರಿಗೂ ಹೇಳುವವರೂ ಅಲ್ಲ. ಆದರೆ ‘ನಮ್ಮ ಸೇಂದಿಯ ಹಾಗೆಯೇ’ ಎಂಬ ಆ ಮಾತು ಇಂದು ಎಷ್ಟರ ಮಟ್ಟಿಗೆ ನಿಜ ಎಂಬುದನ್ನು ವಿಚಾರಿಸುವುದು ಈ ಸಂಚಿಕೆಯಲ್ಲಿ ನಮ್ಮ ಉದ್ದೇಶ.

ಮೊದಲು ಆ ದೇಶಗಳ ಸಂಗತಿಯನ್ನು ನೋಡೋಣ. ಸೀಸೆಯಲ್ಲಿ ತುಂಬಿ ದೂರದೇಶಕ್ಕೆ ಕಳಿಸುವ ಬಿಯರನ್ನು ಸಾಮಾನ್ಯವಾಗಿ ಸೋಸಿ, ಬಿಸಿಮಾಡಿ, ತಿಂಗಳುಗಟ್ಟಲೆ ಕೆಡದಂತೆ ಮಾಡಿರುತ್ತಾರೆ. ಇಂಗ್ಲೆಂಡಿನ ಹಳೆಯ ಪದ್ಧತಿಯ ಪೀಪಾಯಿ ಬಿಯರು ಹಾಗಲ್ಲ. ಅದರಲ್ಲಿ ಯೀಸ್ಟ್ ಎಂಬ ಸೂಕ್ಷ್ಮಜೀವಿ ಇನ್ನೂ ಜೀವಂತವಾಗಿದ್ದು ಪೀಪಾಯಿಯೊಳಗೇ ತನ್ನ ಕೆಲಸವನ್ನು ಮುಂದುವರಿಸಿರುತ್ತದೆ. ನೆಲಮಾಳಿಗೆಯ ತಂಪಿನಲ್ಲಿಟ್ಟು ಕೈಪಂಪಿನಿಂದ ಮೇಲೆತ್ತುತ್ತಾರೆ. ಒಮ್ಮೆ ಪೀಪಾಯಿ ತೆರೆದರೆ ಎರಡು ಮೂರು ದಿನಗಳಲ್ಲಿ ಮುಗಿಸತಕ್ಕದ್ದು. ದೊಡ್ಡ ಕಾರ್ಖಾನೆಗಳು ಈ ಕಷ್ಟವೇ ಬೇಡವೆಂದು ಸೋಸಿದ, ಅನಿಲ ತುಂಬಿದ ಬಿಯರನ್ನು ಎಲ್ಲೆಡೆ ಹಬ್ಬಿಸತೊಡಗಿದಾಗ, 1971ರಲ್ಲಿ ನಾಲ್ವರು ಗೆಳೆಯರು ಸೇರಿ ಹಳೆಯ ಪದ್ಧತಿಯನ್ನು ಉಳಿಸಲು ಒಂದು ಸಂಘವನ್ನು ಕಟ್ಟಿದರು. ಮುಂದೆ ಅದು ಬಹುದೊಡ್ಡ ಗ್ರಾಹಕ ಸಂಘವಾಗಿ ಬೆಳೆಯಿತು. ಅಲ್ಲಿನ ಅಳತೆಯ ಪೈಂಟು ಎಂದರೆ 568 ಮಿಲಿಲೀಟರು. ಅಳತೆಗೆ ಸರ್ಕಾರದ ಕಾಯಿದೆಯ ಕಟ್ಟುಂಟು.

ಜರ್ಮನಿಯ ಕೊಲೋನ್ ನಗರದ ರೀತಿ ಬೇರೆ. ಅಲ್ಲಿ ಕೋಲ್ಶ್ ಎಂಬ ತಿಳಿಹೊಂಬಣ್ಣದ ಬಿಯರನ್ನು 200 ಮಿಲಿಲೀಟರಿನ ಪುಟ್ಟ ನೀಳ ಲೋಟಗಳಲ್ಲಿ ತರುತ್ತಾರೆ. ಲೋಟ ಬರಿದಾದರೆ ಕೇಳದೆಯೇ ಇನ್ನೊಂದು ಬರುತ್ತದೆ. ಲೋಟದ ಕೆಳಗಿನ ರಟ್ಟಿನ ಬಿಲ್ಲೆಯ ಮೇಲೆ ಪರಿಚಾರಕರು ಒಂದೊಂದು ಗೀಟು ಹಾಕುತ್ತ ಹೋಗುತ್ತಾರೆ. ಸಾಕೆನಿಸಿದವರು ಆ ಬಿಲ್ಲೆಯನ್ನು ಲೋಟದ ಬಾಯಿಗೆ ಮುಚ್ಚಿಟ್ಟರೆ ಮುಗಿಯಿತು. ಐರ್ಲೆಂಡಿನ ಡಬ್ಲಿನ್‌ನಲ್ಲಿ ಆರ್ಥರ್ ಗಿನ್ನೆಸ್ ಎಂಬವರು 1759ರಲ್ಲಿ ಸ್ಥಾಪಿಸಿದ ಭಟ್ಟಿಯ ಕಪ್ಪು ಬಿಯರನ್ನು ಎರಡು ಕಂತಿನಲ್ಲಿ ತುಂಬುತ್ತಾರೆ. ಮೊದಲ ಕಂತಿನ ನೊರೆ ಇಳಿಯುವವರೆಗೆ ಗಿರಾಕಿ ಕಾದಿರಬೇಕು.

ಈ ನಿಯಮನಿಷ್ಠೆ ಆಕಾಶದಿಂದ ಉದುರಿದುದಲ್ಲ ಎಂಬುದೇ ನಮಗೆ ಮುಖ್ಯವಾದ ವಿಷಯ. ಹಿಂದಿನ ಕಾಲದ ಯುರೋಪಿನಲ್ಲಿ ಬಿಯರಿಗೆ ಬಗೆಬಗೆಯ ಸೊಪ್ಪು ಬೇರುಗಳನ್ನು ಹಾಕುತ್ತಿದ್ದರು. ನಮ್ಮ ಉಮ್ಮತ್ತಿಯ ಕುಟುಂಬಕ್ಕೇ ಸೇರಿದ ವಿಷಗಿಡವೂ ಅವುಗಳಲ್ಲಿತ್ತು. 1516ರ ಏಪ್ರಿಲ್ 23ರಂದು ಬವೇರಿಯ ಪ್ರಾಂತದ ಡ್ಯೂಕರು ಬಿಯರಿಗೆ ಜವೆಗೋಧಿ, ಹಾಪ್ ಬಳ್ಳಿಯ ಹೂ ಮತ್ತು ನೀರು, ಇವು ಮೂರರ ಹೊರತು ಮತ್ತೇನನ್ನೂ ಹಾಕಕೂಡದೆಂದು ಆಜ್ಞೆ ಹೊರಡಿಸಿದರು. ಚಳಿಗಾಲಕ್ಕೊಂದು, ಬೇಸಗೆಗೊಂದು ದರವನ್ನೂ ಗೊತ್ತುಮಾಡಿದರು. ಬೊಹೀಮಿಯದ ಪಿಲ್ಸೆನ್ ಪಟ್ಟಣದ ಕಥೆಯಂತೂ ಇನ್ನೂ ಸ್ವಾರಸ್ಯವಾದುದು. 1838ರಲ್ಲಿ ಅಲ್ಲಿನ ನಾಗರಿಕರು ಕೆಟ್ಟ ಬಿಯರಿನ 36 ಪೀಪಾಯಿಗಳನ್ನು ಪುರಭವನದ ಎದುರಿಗೇ ಚೆಲ್ಲಿಬಿಟ್ಟರು. ಬಳಿಕ ತಾವೇ ಸೇರಿ ಹೊಸ ಭಟ್ಟಿಯೊಂದನ್ನು ಕಟ್ಟಿ, ಯೋಸೆಫ್ ಗ್ರೋಲ್ ಎಂಬ ಬವೇರಿಯದ ತಜ್ಞರನ್ನು ಕರೆಸಿದರು. 1842ರಲ್ಲಿ ಅವರು ತಯಾರಿಸಿದ ಹೊಂಬಣ್ಣದ ಬಿಯರೇ ಮುಂದೆ ‘ಪಿಲ್ಸ್‌ನರ್’ ಎಂದು ಲೋಕದ ತುಂಬ ಹರಡಿತು. ಕುಡಿಯುವವರೇ ‘ಇದರೊಳಗೆ ಏನಿದೆ?’ ಎಂದು ಕೇಳಿದರು. ಆಮೇಲೆ ಒಳ್ಳೆಯದು ಸಿಕ್ಕಿತು.

ಇನ್ನು ನಮ್ಮ ಸೇಂದಿ. ಬೆಂಗಳೂರಿನ ಕಡೆಯವರು ಹೆಂಡವೆಂದೂ ಕಾಸರಗೋಡಿನ ಬಂಧುಗಳು ಕಳ್ಳು ಎಂದೂ ಕರೆಯುವ ವಸ್ತು ಇದು. ಕರಾವಳಿಯಲ್ಲಿ ಅದು ತೆಂಗಿನಿಂದ ಇಳಿದರೆ ನಮ್ಮ ಮರಿಕಲ್, ಮಕ್ತಲ್, ಗದ್ವಾಲಗಳ ಒಣಭೂಮಿಯಲ್ಲಿ ಈಚಲು ಮತ್ತು ತಾಳೆ ಮರಗಳಿಂದ ಇಳಿಯುತ್ತದೆ. ಈಚಲಿಗೆ ಚಳಿಗಾಲ, ತಾಳೆಗೆ ಬೇಸಗೆಯ ಮುಂಚೂಣಿ. ಈಚಲು ಮರದ ತಲೆಯ ಕೆಳಗೆ ಕಾಂಡವನ್ನು ಹೆರೆದು ರಸ ಇಳಿಸುತ್ತಾರೆ. ಒಂದು ವರ್ಷ ಒಂದು ಮಗ್ಗುಲು, ಮರುವರ್ಷ ಎದುರು ಮಗ್ಗುಲು. ಆದುದರಿಂದ ಹಳೆಯ ಮರದ ಕಾಂಡ ಅಂಕುಡೊಂಕಾಗಿ ಕಾಣುತ್ತದೆ. ತಾಳೆಯಲ್ಲಾದರೆ ಹೂಗೊಂಚಲಿನ ತುದಿಯನ್ನು ದಿನವೂ ತೆಳ್ಳಗೆ ಸವರಿ ಗಡಿಗೆ ಕಟ್ಟುತ್ತಾರೆ.

ರಾತ್ರಿಯ ತಂಪಿನಲ್ಲಿ ತೊಟ್ಟಿಕ್ಕಿದ ರಸ ಸಿಹಿ. ಗಡಿಗೆಯ ಒಳಕ್ಕೆ ಸುಣ್ಣ ಬಳಿದಿದ್ದರೆ ಅದು ಹುಳಿಯದೆ ನೀರಾ ಆಗಿಯೇ ಉಳಿಯುತ್ತದೆ. ಬಾಲ್ಯದಲ್ಲಿ ನಸುಕಿನ ಹೊತ್ತು ತಾಳೆಗರಿಯ ದೊನ್ನೆಯಲ್ಲಿ ಅಂಥ ನೀರಾವನ್ನು ನಾವೂ ಕುಡಿದಿದ್ದೇವೆ. ಅದರ ತಂಪು ಹಲ್ಲಿಗೆ ತಾಕುತ್ತಿದ್ದುದು ಇನ್ನೂ ನೆನಪಿದೆ. ಸುಣ್ಣವಿಲ್ಲದ ಗಡಿಗೆಯಲ್ಲಿ ಮಾತ್ರ ಗಾಳಿಯಿಂದಲೂ ಹಳೆಯ ಗಡಿಗೆಯಿಂದಲೂ ಬಂದ ಯೀಸ್ಟ್ ಕೂಡಲೇ ಕೆಲಸಕ್ಕೆ ತೊಡಗುತ್ತದೆ. ಬಿಯರಿನಲ್ಲಿ ದುಡಿಯುವ ಯೀಸ್ಟಿನ ಕುಲವೇ ಇದು. ಫ್ರಾನ್ಸಿನ ಲೂಯಿ ಪಾಶ್ಚರರು 1876ರಲ್ಲಿ ಬಿಯರಿನ ಮೇಲೆಯೇ ಒಂದು ಗ್ರಂಥ ಬರೆದು ಈ ಜೀವಿಗಳ ವ್ಯಾಪಾರವನ್ನು ವಿವರಿಸಿದರು. ಕೆಲವೇ ಗಂಟೆಗಳಲ್ಲಿ ಸಕ್ಕರೆ ಕರಗಿ ಶೇಕಡಾ 4-5ರಷ್ಟು ಮದ್ಯಸಾರ ಹುಟ್ಟುತ್ತದೆ. ಅಂದರೆ ಹೆಚ್ಚುಕಡಿಮೆ ಬಿಯರಿನಷ್ಟೇ. ಮರುದಿನಕ್ಕೆ ಅದು ಹುಳಿಯಾಗಿ ಕಡೆಗೆ ವಿನಿಗರು. ನಿಜವಾದ ಸೇಂದಿಗೆ ಆಯುಷ್ಯ ಒಂದು ದಿನ ಮಾತ್ರ. ನಮ್ಮ ತರುಣರ ಹೋಲಿಕೆ ಇಷ್ಟರ ಮಟ್ಟಿಗೆ ಸರಿಯಾದುದೇ.

ಅಷ್ಟೇ ಅಲ್ಲ, ಗಡಿನಾಡಿನ ನಮಗೆ ‘ಪರಸ್ಥಳದ ಪಾನಶಾಲೆ’ ಎಂಬ ಮಾತಿಗೂ ಬೇರೆಯೇ ಅರ್ಥವಿದೆ. 1956ರ ನವೆಂಬರ್ 1ರಂದು ಹೈದರಾಬಾದು ರಾಜ್ಯ ಹಂಚಿಹೋದಾಗ ರಾಯಚೂರು ಮೈಸೂರಿಗೆ ಹೋಯಿತು. ಅದೇ ಜಿಲ್ಲೆಯಲ್ಲಿದ್ದ ಗದ್ವಾಲ, ಆಲಂಪುರಗಳು ಮಹಬೂಬನಗರಕ್ಕೆ ಸೇರಿದವು. ಮುಂದೆ ಕರ್ನಾಟಕ ಸರ್ಕಾರ 2004ರಲ್ಲಿ ಕರಾವಳಿಯನ್ನು ಬಿಟ್ಟು ಉಳಿದೆಡೆ ಸೇಂದಿಯ ಮಾರಾಟವನ್ನು ನಿಲ್ಲಿಸಿತು. 2007ರಲ್ಲಿ ಸಾರಾಯಿಯನ್ನೂ ನಿಷೇಧಿಸಿತು. ಇತ್ತ ತೆಲಂಗಾಣದ ಕಡೆ ಸೇಂದಿ ಅಂಗಡಿಗಳು ಉಳಿದವು. ಕೃಷ್ಣೆಯ ಸೇತುವೆ ದಾಟಿ, ಮಕ್ತಲ್ ಮಾರ್ಗವಾಗಿ ಮರಿಕಲ್ಲಿಗೆ ಬರುವ ಹೆದ್ದಾರಿಯಲ್ಲಿ ಆಚೆಯ ನಂಟರು ಬಂದಾಗ, ಊಟೋಪಚಾರದ ಬಳಿಕ ಸಣ್ಣ ದನಿಯಲ್ಲಿ "ಮಾವ, ಮರದ ಸೇಂದಿ ಸಿಗತದೇನು?" ಎಂದು ಕೇಳುವುದುಂಟು. ಹೀಗೆ ಹುಡುಕಿಕೊಂಡು ಬಂದವರಿಗೆ ಸಿಕ್ಕುವುದು ಏನು?

ಇಲ್ಲಿ ನಮ್ಮ ವೃತ್ತಿಗೆ ತಕ್ಕಂತೆ ಒಂದು ಲೆಕ್ಕವನ್ನು ವಾಚಕರ ಮುಂದಿಡುತ್ತೇವೆ. ಕಾಲ್ಪನಿಕ ಊರೊಂದರಲ್ಲಿ ಸೇಂದಿ ಇಳಿಸುವ ಮರ 100. ಮರವೊಂದಕ್ಕೆ ದಿನಕ್ಕೆ 3 ಲೀಟರಿನಂತೆ ಒಟ್ಟು 300 ಲೀಟರು. ಅದೇ ಊರಿನ ಅಂಗಡಿಯಲ್ಲಿ ದಿನಕ್ಕೆ ಮಾರಾಟವಾಗುವುದು 1,000 ಲೀಟರು. ಹಾಗಾದರೆ ಉಳಿದ 700 ಲೀಟರು ಯಾವ ಮರದಿಂದ ಇಳಿಯಿತು? ಮಳೆಗಾಲದಲ್ಲಿ ಮರಗಳು ವಿಶ್ರಾಂತಿಯಲ್ಲಿರುವಾಗಲೂ ಅಂಗಡಿಯ ಸೀಸೆಗಳ ಸಂಖ್ಯೆ ಇಳಿಯದಿದ್ದರೆ ಅದರ ಅರ್ಥವೇನು?

ಉತ್ತರ ಎಲ್ಲರಿಗೂ ಗೊತ್ತಿರುವುದೇ. ನೀರು, ಸಿಹಿಗೆ ಸ್ಯಾಕರಿನ್, ಮತ್ತಿಗೆ ‘ಸಿ.ಎಚ್. ಪೌಡರು’. ಸಿ.ಎಚ್. ಎಂದರೆ ಕ್ಲೋರಲ್ ಹೈಡ್ರೇಟ್. ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ 1832ರಲ್ಲಿ ಇದನ್ನು ಮೊದಲು ತಯಾರಿಸಿದರು. 1869ರಿಂದ ವೈದ್ಯರು ಇದನ್ನು ನಿದ್ದೆಯ ಔಷಧವಾಗಿ ಬಳಸಿದರು. ವೈದ್ಯರು ತೂಗಿ ಕೊಡತಕ್ಕ ಮದ್ದನ್ನು ಇಲ್ಲಿ ತೊಟ್ಟಿಗೆ ಅಂದಾಜಿನಿಂದ ಸುರಿಯುತ್ತಾರೆ. ಡಯಾಜಿಪಾಮ್, ಅಲ್ಪ್ರಜೋಲಾಮ್ ಎಂಬ ಮಾತ್ರೆಗಳ ಪುಡಿಯೂ ಸೇರುವುದುಂಟು. ಇವು ಕುಡಿದವರನ್ನು ಮಂಕು ಮಾಡುವುದಷ್ಟೇ ಅಲ್ಲ, ದೇಹವನ್ನೇ ತಮಗೆ ಅಡವಿಟ್ಟುಕೊಳ್ಳುತ್ತವೆ. ಆಚೆ ರಾಯಚೂರಿನ ಕಡೆಯಲ್ಲಂತೂ ಅಂಗಡಿ ಮುಚ್ಚಿದ ಮೇಲೆಯೂ ಕಲಬೆರಕೆಯ ಕೈಹೆಂಡ ಕಳ್ಳತನದಲ್ಲಿ ನಡೆದುಬಂದಿದೆ. ಮರವೇ ಬೇಡದ ಸೇಂದಿಗೆ ನಿಷೇಧದ ಅಂಜಿಕೆ ಕಡಿಮೆ.

2015ರ ಸೆಪ್ಟೆಂಬರಿನಲ್ಲಿ ಸರ್ಕಾರ ಕಲಬೆರಕೆಯ ಮೇಲೆ ಬಿಗಿ ಹಿಡಿದಾಗ ನಮ್ಮ ಮಹಬೂಬನಗರ ಜಿಲ್ಲೆಯಲ್ಲೂ ನಿಜಾಮಾಬಾದಿನಲ್ಲೂ ಆಸ್ಪತ್ರೆಗಳು ತುಂಬಿಹೋದವು. ಪುಡಿ ತಪ್ಪಿದವರಿಗೆ ಕೈಕಾಲು ನಡುಕ, ಮೂರ್ಛೆ, ಭ್ರಮೆ. ಗಂಡಸರಷ್ಟೇ ಅಲ್ಲ, ಹೆಂಗಸರೂ ಇದ್ದರು. ಆ ವಾರ ನಮ್ಮ ಏಳನೆಯ ತರಗತಿಯ ಬಾಲಕನೊಬ್ಬ ನಾಲ್ಕು ದಿನ ಶಾಲೆಗೆ ಬರಲಿಲ್ಲ. ಕರೆಸಿ ಕೇಳಿದಾಗ, "ಅವ್ವನ ಕೈ ಹಿಡಕೊಂಡು ಕೂತಿದ್ದೆ ಸರ್, ಬಿಟ್ರೆ ಗೋಡಿಗಿ ಹಾಯ್ತಿದ್ಳು" ಎಂದು ಹೇಳಿದ. ಹೊಲದ ಕೂಲಿಯ ಮೈನೋವಿಗೆಂದು ಸಂಜೆ ಒಂದು ಸೀಸೆ ಕುಡಿಯುತ್ತಿದ್ದ ತಾಯಿ ಅವಳು. ತಾನು ಮರದ ರಸ ಕುಡಿಯುತ್ತಿದ್ದೇನೆಂದೇ ಅವಳು ನಂಬಿದ್ದಳು. 2025ರ ಜುಲೈಯಲ್ಲಿ ಹೈದರಾಬಾದಿನ ಕೂಕಟಪಲ್ಲಿಯಲ್ಲಿ ಕಲಬೆರಕೆ ಸೇಂದಿಯಿಂದ ಜನ ಸತ್ತ ಸುದ್ದಿಯನ್ನು ಓದಿದಾಗ ನಮಗೆ ಮೊದಲು ನೆನಪಾದುದು ಆ ಬಾಲಕನ ಮುಖ.

ಈ ದೋಷವನ್ನು ಮರ ಹತ್ತುವ ಗೌಡ ಬಂಧುಗಳ ತಲೆಗೆ ಕಟ್ಟುವುದು ಅನ್ಯಾಯ. ‘ಮೋಕು’ ಎಂಬ ಹಗ್ಗವೊಂದನ್ನು ಸೊಂಟಕ್ಕೆ ಸುತ್ತಿ ದಿನಕ್ಕೆ ಹಲವು ಮರ ಏರಿಳಿಯುವ ಬಾಳು ಅವರದು. ಕೈತಪ್ಪಿ ಬಿದ್ದು ಸೊಂಟ ಮುರಿದವರನ್ನು ಪ್ರತಿ ಊರಿನಲ್ಲೂ ಕಾಣಬಹುದು. ತೆಲಂಗಾಣ ಸರ್ಕಾರ 2024ರ ಜುಲೈಯಲ್ಲಿ ಇವರಿಗಾಗಿ ‘ಕಾಟಮಯ್ಯ ರಕ್ಷಣ ಕವಚ’ ಎಂಬ ಸುರಕ್ಷಾ ಸಾಮಗ್ರಿಯನ್ನು ಹಂಚತೊಡಗಿತು. ಕಾಟಮಯ್ಯ ಇವರ ಕುಲದೈವ. ನಿಜವಾದ ಸೇಂದಿ ಇಳಿಸುವವರು ಪುಡಿಯ ಸೇಂದಿಯೊಡನೆ ದರದಲ್ಲಿ ಸ್ಪರ್ಧಿಸಲಾರರು. ಹೀಗಾಗಿ ಮಕ್ಕಳು ಮರ ಬಿಟ್ಟು ಹೈದರಾಬಾದಿಗೆ ಕೂಲಿಗೆ ಹೋಗುತ್ತಾರೆ. ಯಾರಿಗೂ ಬೇಡವಾದ ಮರ ಕಡೆಗೆ ಕೊಡಲಿಗೆ ಬೀಳುತ್ತದೆ. ಮರ ಕಡಿಮೆಯಾದಷ್ಟೂ ಪುಡಿ ಹೆಚ್ಚು.

ಹಾಗಾದರೆ ಮಾಡತಕ್ಕದ್ದೇನು? ಪಿಲ್ಸೆನ್ನಿನವರಂತೆ ಗಡಿಗೆಗಳನ್ನು ತಹಸೀಲು ಕಚೇರಿಯ ಮುಂದೆ ಒಡೆಯಿರೆಂದು ನಾವು ಹೇಳುವುದಿಲ್ಲ. ಆದರೆ ಅವರು ಕೇಳಿದ ಪ್ರಶ್ನೆಯನ್ನು ನಾವೂ ಕೇಳಬಹುದು. ನಿಜಾಮರ ಕಾಲದಿಂದಲೂ ಅಬಕಾರಿಯವರು ಸೇಂದಿಯ ಮರಗಳಿಗೆ ಸಂಖ್ಯೆ ಹಾಕುತ್ತ ಬಂದವರು. ಮರದ ಲೆಕ್ಕವನ್ನು ಅಂಗಡಿಯ ಲೆಕ್ಕದೊಡನೆ ತಾಳೆ ನೋಡುವುದಕ್ಕೆ ದೊಡ್ಡ ವಿಜ್ಞಾನ ಬೇಕಿಲ್ಲ. ಗ್ರಾಮಸಭೆಯಲ್ಲಿ ಯಾರಾದರೊಬ್ಬರು ಎದ್ದು ನಿಂತು, ‘ನಮ್ಮೂರಿನ ಮರವೆಷ್ಟು, ಮಾರಾಟವೆಷ್ಟು?’ ಎಂದು ಕೇಳಿದರೆ ಉತ್ತರ ಕೊಡುವುದು ಅಧಿಕಾರಿಗಳ ಕರ್ತವ್ಯ.

ಎರಡನೆಯದಾಗಿ, ಮನೆಯಲ್ಲಿ ಇಂಥ ಚಟಕ್ಕೆ ಬಿದ್ದವರಿದ್ದರೆ ಬಂಧುಗಳು ಕೋಪದಿಂದ ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಗೇ ಬಿಡಿಸಲು ಹೋಗಬಾರದು. ಪುಡಿಗೆ ಒಗ್ಗಿದ ದೇಹಕ್ಕೆ ಹಠಾತ್ತನೆ ಅದು ತಪ್ಪಿದರೆ ಪ್ರಾಣಾಪಾಯವುಂಟು. ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದು ವೈದ್ಯರಿಗೆ ನಿಜಸ್ಥಿತಿಯನ್ನು ಮುಚ್ಚಿಡದೆ ಹೇಳಬೇಕು. ಅವರು ಮದ್ದು ಕೊಟ್ಟು ಕ್ರಮಕ್ರಮವಾಗಿ ಬಿಡಿಸುತ್ತಾರೆ. ವ್ಯಸನಮುಕ್ತಿಗಾಗಿ ಕೇಂದ್ರ ಸರ್ಕಾರದ 14446 ಎಂಬ ಉಚಿತ ದೂರವಾಣಿ ಸಂಖ್ಯೆಯೂ ಇದೆ. ಮೈನೋವಿಗೆಂದೋ ಬೇಗ ನಿದ್ದೆ ಬರಲೆಂದೋ ಮಕ್ಕಳಿಗೆ ಒಂದು ಗುಟುಕು ಕುಡಿಸುವ ರೂಢಿಯಂತೂ ಇಂದೇ ನಿಲ್ಲತಕ್ಕದ್ದು.

ಮೂರನೆಯದು ಮರ. ಹೈದರಾಬಾದಿನಲ್ಲಿ 2023ರಲ್ಲಿ ಸರ್ಕಾರವೇ ನೀರಾ ಉಪಾಹಾರ ಗೃಹವೊಂದನ್ನು ತೆರೆಯಿತು. ಹುಳಿಯದ ನೀರಾ, ಬೆಲ್ಲ, ತಾಟಿನುಂಗು, ಇವುಗಳಿಗೆ ಪೇಟೆಯಲ್ಲಿ ಬೆಲೆಯುಂಟು. ಕುಡಿಯದವರ ಮನೆಗೂ ಸಲ್ಲುವ ಪದಾರ್ಥಗಳಿವು. ತಾಳೆ ಬೆಳೆಯುವುದು ಬಲು ನಿಧಾನ. ಬೀಜ ಊರಿದವರ ಮಕ್ಕಳು ಅದರಿಂದ ರಸ ಇಳಿಸಬೇಕಾಗುತ್ತದೆ. ಈಚಲು ಅದಕ್ಕಿಂತ ಬೇಗ. ಕೆರೆಯ ಏರಿ, ಹೊಲದ ಬದು, ಹಳ್ಳದ ದಂಡೆಗಳಲ್ಲಿ ಇವೆರಡಕ್ಕೂ ನೀರುಣಿಸುವ ಖರ್ಚಿಲ್ಲ. ಈ ಮಳೆಗಾಲದಲ್ಲಿ ನಮ್ಮ ಶಾಲೆಯ ಮಕ್ಕಳು ಕೆರೆಯೇರಿಯ ಉದ್ದಕ್ಕೂ ತಾಳೆಬೀಜ ಊರಲಿದ್ದಾರೆ. ವಾಚಕ ಬಂಧುಗಳೂ ತಮ್ಮ ತಮ್ಮ ಊರಿನಲ್ಲಿ ಹಾಗೆ ಮಾಡಿದರೆ ಸಂತೋಷ. ಮೊದಲು ಈಗಿರುವ ಮರಗಳನ್ನು ಒಮ್ಮೆ ಎಣಿಸಿ, ಆ ಸಂಖ್ಯೆಯನ್ನು ಎಲ್ಲಾದರೂ ಬರೆದಿಡಿರಿ.