ಗಣತಿಯಲ್ಲಿಲ್ಲದ ಪುಚ್ಚೆಗೂ ಹೃದ್ರೋಗವಿದೆ

2024ರ ಅಕ್ಟೋಬರ್‌ನಲ್ಲಿ ಶುರುವಾದ 21ನೇ ಜಾನುವಾರು ಗಣತಿಯ ಪಟ್ಟಿಯಲ್ಲಿ ಹಸು, ಎಮ್ಮೆ ಮಾತ್ರವಲ್ಲ, ನಾಯಿ, ಮೊಲ, ಆನೆಯೂ ಇದ್ದವು. ಬೆಕ್ಕು ಇರಲಿಲ್ಲ. ಬಂಟ್ವಾಳ, ಬೆಳ್ತಂಗಡಿ ಕಡೆಯ ತೋಟದ ಮನೆಗಳಲ್ಲಿ ಪುಚ್ಚೆ ಮಾಮೂಲಿ. ನಾನು ಬಿಇ ಓದುತ್ತಿರುವ ಮೂಡುಬಿದಿರೆಯಲ್ಲಿ ಈಗ ಪರ್ಷಿಯನ್ ಬೆಕ್ಕು ಸಾಕುವ ಗೆಳೆಯರೂ ಇದ್ದಾರೆ. ಲೆಕ್ಕಕ್ಕೇ ಇಲ್ಲದ ಪ್ರಾಣಿಗೆ ಚಿಕಿತ್ಸೆಯ ಯೋಜನೆ ಹೇಗೆ ಬಂದೀತು?

ಬೆಕ್ಕುಗಳಲ್ಲಿ ಅತಿ ಸಾಮಾನ್ಯವಾದ ಹೃದ್ರೋಗ ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ, ಚಿಕ್ಕದಾಗಿ ಎಚ್‌ಸಿಎಂ. ವಿದೇಶಿ ಅಧ್ಯಯನಗಳ ಪ್ರಕಾರ ಸುಮಾರು ಏಳು ಬೆಕ್ಕುಗಳಲ್ಲಿ ಒಂದಕ್ಕೆ ಇದು ಇರುತ್ತದೆ. ಹೃದಯದ ಎಡ ಕೆಳಕೋಣೆಯ ಸ್ನಾಯು ದಪ್ಪವಾಗಿ, ರಕ್ತ ತುಂಬಿಕೊಳ್ಳುವ ಜಾಗವೇ ಕಿರಿದಾಗುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಪಂಪ್ ಗಟ್ಟಿಯಾಗಿದೆ, ಆದರೆ ಒಳಗೆ ನೀರೇ ಬರುತ್ತಿಲ್ಲ. ಒತ್ತಡ ಹಿಂದಕ್ಕೆ ಸರಿದು ಶ್ವಾಸಕೋಶದಲ್ಲಿ ನೀರು ನಿಲ್ಲುತ್ತದೆ. ಹಿಗ್ಗಿದ ಮೇಲ್ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಬಹುದು. ಆ ಹೆಪ್ಪು ಹಿಂಗಾಲಿನತ್ತ ಹೋಗುವ ರಕ್ತನಾಳದಲ್ಲಿ ಸಿಕ್ಕಿಕೊಂಡರೆ, ಬೆಳಗ್ಗೆ ಜಿಗಿದಾಡಿದ ಬೆಕ್ಕು ಸಂಜೆ ಕಾಲೆಳೆಯುತ್ತಾ ನೋವಿನಿಂದ ಕಿರುಚುತ್ತದೆ. ನಮ್ಮೂರಲ್ಲಿ ಇದಕ್ಕೆ 'ಹಾವು ಕಚ್ಚಿರಬೇಕು', 'ಬೈಕ್ ತಾಗಿರಬೇಕು' ಎಂಬ ತೀರ್ಪು ಕೂಡಲೇ ಸಿಗುತ್ತದೆ. ಹಿಂಪಾದ ತಣ್ಣಗಾಗಿದೆಯೇ ಎಂದು ಮುಟ್ಟಿ ನೋಡುವವರು ಕಡಿಮೆ.

2025ರ ಮಾರ್ಚ್‌ನಲ್ಲಿ ಅಮೆರಿಕದ ಎಫ್‌ಡಿಎ, ಲಕ್ಷಣ ಕಾಣಿಸುವ ಮೊದಲಿನ ಹಂತದ ಎಚ್‌ಸಿಎಂಗೆ ವಾರಕ್ಕೊಮ್ಮೆ ಕೊಡುವ ಸಿರೋಲಿಮಸ್ ಮಾತ್ರೆಗೆ ಷರತ್ತುಬದ್ಧ ಅನುಮತಿ ಕೊಟ್ಟಿತು. ಮನುಷ್ಯರ ಕಿಡ್ನಿ ಕಸಿಯಲ್ಲಿ ಬಳಸುವ ಔಷಧವೇ ಅದು. ಸುದ್ದಿ ಒಳ್ಳೆಯದೇ. ಆದರೆ ಲಕ್ಷಣವಿಲ್ಲದ ರೋಗವನ್ನು ಖಚಿತಪಡಿಸಲು ಎಕೋ ಸ್ಕ್ಯಾನ್ ಬೇಕು, ಅದನ್ನು ಓದಬಲ್ಲ ಪಶುವೈದ್ಯರು ಬೇಕು. ನಮ್ಮ ತಾಲೂಕು ಪಶು ಆಸ್ಪತ್ರೆಗಳು ರೂಪುಗೊಂಡದ್ದೇ ಹೈನುಗಾರಿಕೆಗಾಗಿ, ಅದು ತಪ್ಪೇನಲ್ಲ. ಆದರೆ ಏದುಸಿರು ಬಿಡುವ ಬೆಕ್ಕನ್ನು ಬುಟ್ಟಿಯಲ್ಲಿಟ್ಟು ಘಾಟಿ ಹತ್ತಿಸಿ ಬೆಂಗಳೂರಿಗೆ ಒಯ್ದರೆ ಆ ಪ್ರಯಾಣದ ಒತ್ತಡವೇ ಅದನ್ನು ಕೊಲ್ಲಬಹುದು. ಕಡಬದ ಕೊಯಿಲಕ್ಕೆ ಮಂಜೂರಾದ ಪಶುವೈದ್ಯಕೀಯ ಕಾಲೇಜಿನ ಬಗ್ಗೆ ಮಾತಾಡುವಾಗ ಹಸುವಿನ ಜತೆ ಈ ಸಣ್ಣ ಪ್ರಾಣಿಗಳ ವಿಭಾಗವನ್ನೂ ನಾವು ಕೇಳಬೇಕು. ಅಲ್ಲಿ ಕೆಲಸಗಳೂ ಹುಟ್ಟುತ್ತವೆ.

ಅಲ್ಲಿಯವರೆಗೆ ಮೊಬೈಲ್‌ನ ಸ್ಟಾಪ್‌ವಾಚ್ ಇದೆ. ಬೆಕ್ಕು ಗಾಢ ನಿದ್ದೆಯಲ್ಲಿರುವಾಗ 30 ಸೆಕೆಂಡ್ ಉಸಿರು ಎಣಿಸಿ, ಎರಡರಿಂದ ಗುಣಿಸಿ. ನಿಮಿಷಕ್ಕೆ 30ಕ್ಕಿಂತ ಹೆಚ್ಚು ಪದೇ ಪದೇ ಬಂದರೆ ಪಶುವೈದ್ಯರಿಗೆ ತೋರಿಸಿ. ಬಾಯಿ ತೆರೆದು ಉಸಿರಾಡುತ್ತಿದ್ದರೆ ಎಣಿಸುತ್ತಾ ಕೂರಬೇಡಿ, ಹೊರಡಿ. ಶ್ವಾಸಕೋಶದ ನೀರು ಇಳಿಸಲು ಫ್ಯೂರೋಸಮೈಡ್, ಹೆಪ್ಪು ತಡೆಯಲು ಕ್ಲೋಪಿಡೋಗ್ರೆಲ್ ವೈದ್ಯರು ಬಳಸುವ ಔಷಧಗಳು. ಎರಡೂ ಮನುಷ್ಯರ ಮೆಡಿಕಲ್‌ನಲ್ಲಿ ಸಿಗುವಂಥವೇ, ಆದರೆ ಪ್ರಮಾಣ ಅವರೇ ಹೇಳಬೇಕು. ನೋವಿಗೆಂದು ಮನೆಯ ಪ್ಯಾರಾಸಿಟಮಾಲ್ ಮಾತ್ರ ಕೊಡಲೇಬೇಡಿ, ಬೆಕ್ಕಿಗೆ ಅದು ವಿಷ.