ನೂರು ಹೆಸರು ಬರೆದುಕೊಂಡರೆ ಘಟಕ ಆಯ್ತಾ ಮಾರಾಯ್ರೆ?

ಕಾಲೇಜು ಶುರುವಾಗಿ ಎರಡು ವಾರ ಕಳೆಯುವುದರೊಳಗೆ ನಮ್ಮ ಪುತ್ತೂರು, ಸುಳ್ಯ, ಕಡಬ ಕಡೆಯ ಕಾಲೇಜುಗಳಲ್ಲಿ ಒಂದು ನೋಟೀಸು ಕ್ಲಾಸಿನಿಂದ ಕ್ಲಾಸಿಗೆ ತಿರುಗುತ್ತದೆ. ಎನ್ನೆಸ್ಸೆಸ್ಸಿಗೆ ಸೇರುವವರು ಹೆಸರು ಕೊಡಬೇಕು ಅಂತ. ಓದಿ ಮುಗಿಸುವ ಮೊದಲೇ ಹಿಂದಿನ ಬೆಂಚಿನಿಂದ ಪ್ರಶ್ನೆ ಬರುತ್ತದೆ: "ಸರ್, ಮಾರ್ಕ್ ಉಂಟಾ?" ಉಂಟು ಅಂದರೆ ಅರ್ಧ ಗಂಟೆಯಲ್ಲಿ ಪಟ್ಟಿ ಭರ್ತಿ. ಇಲ್ಲ ಅಂದರೆ ಪಟ್ಟಿಯ ಹಾಳೆ ಹೋದ ಹಾಗೆಯೇ ವಾಪಸ್ಸು.

ಪ್ರಶ್ನೆ ಕೇಳಿದ ಹುಡುಗನ ಮೇಲೆ ನನಗೇನೂ ಸಿಟ್ಟಿಲ್ಲ. ಎಲ್.ಕೆ.ಜಿಯಿಂದ ಅವನಿಗೆ ನಾವು ಕಲಿಸಿದ್ದೇ ಅದನ್ನಲ್ವಾ? ನನ್ನ ತಕರಾರು ಇರುವುದು "ಉಂಟು" ಅಂತ ಹೇಳಿ, ಬಂದ ಹೆಸರುಗಳನ್ನು ಎಣಿಸಿ, "ಈ ವರ್ಷ ನಮ್ಮ ಘಟಕ ಮತ್ತೆ ಎದ್ದು ನಿಂತಿತು" ಅಂತ ವರದಿ ಬರೆಯುವವರ ಹತ್ತಿರ.

ಹಳೆಯ ಸಂಗತಿ ಸ್ವಲ್ಪ ನೆನಪಿಸಿಕೊಳ್ಳೋಣ. ರಾಷ್ಟ್ರೀಯ ಸೇವಾ ಯೋಜನೆ ಶುರುವಾದದ್ದು 1969ರ ಸೆಪ್ಟೆಂಬರ್ 24ರಂದು. ಅದು ಗಾಂಧಿ ಜನ್ಮ ಶತಾಬ್ದಿಯ ವರ್ಷ. ಚಾಲನೆ ಕೊಟ್ಟವರು ಆಗಿನ ಕೇಂದ್ರ ಶಿಕ್ಷಣ ಮಂತ್ರಿ ವಿ.ಕೆ.ಆರ್.ವಿ. ರಾವ್, ನಮ್ಮ ಬಳ್ಳಾರಿಯಿಂದ ಲೋಕಸಭೆಗೆ ಹೋಗಿದ್ದವರು. ಮೊದಲ ವರ್ಷ 37 ವಿಶ್ವವಿದ್ಯಾಲಯಗಳು, 40,000 ವಿದ್ಯಾರ್ಥಿಗಳು. ಧ್ಯೇಯವಾಕ್ಯ "ನನಗಲ್ಲ, ನಿನಗೆ". ಹಾಡು, ಟೋಪಿ, ಕೋನಾರ್ಕದ ಚಕ್ರದ ಬ್ಯಾಡ್ಜು ಎಲ್ಲ ನಿಮಗೆ ಗೊತ್ತೇ ಇದೆ. ಬ್ಯಾಡ್ಜಿನ ಚಕ್ರದಲ್ಲಿರುವ ಎಂಟು ಅರೆಗಳು ದಿನದ ಎಂಟು ಜಾವಗಳು. ಅಂದರೆ 24 ಗಂಟೆಯೂ ಸೇವೆಗೆ ತಯಾರು ಅಂತ ಅರ್ಥ. "ನನಗಲ್ಲ, ನಿನಗೆ" ಅನ್ನುವ ಸಂಘಕ್ಕೆ "ನನಗೆಷ್ಟು ಮಾರ್ಕು?" ಎಂದು ಕೇಳುತ್ತಾ ಸೇರಿಕೊಳ್ಳುವುದು... ಇದಕ್ಕಿಂತ ದೊಡ್ಡ ಜೋಕು ಬೇರೆ ಬೇಕಾ? :-)

ಈಗ ಲೆಕ್ಕಕ್ಕೆ ಬರೋಣ. ಒಂದು ಘಟಕಕ್ಕೆ ನೂರು ಸ್ವಯಂಸೇವಕರು. ಒಬ್ಬೊಬ್ಬರ ಅವಧಿ ಎರಡು ವರ್ಷ. ವರ್ಷಕ್ಕೆ 120 ಗಂಟೆಯಂತೆ ಒಟ್ಟು 240 ಗಂಟೆ ಸೇವೆ, ಜೊತೆಗೆ ಯಾವುದಾದರೂ ಹಳ್ಳಿಯಲ್ಲಿ ಏಳು ದಿನದ ವಿಶೇಷ ಶಿಬಿರ. ಪ್ರತಿ ವರ್ಷ ಅರ್ಧ ಜನ ಹೊರಗೆ, ಅರ್ಧ ಜನ ಒಳಗೆ. ನಾವು ಸಾಫ್ಟ್‌ವೇರಿನವರು ಇದನ್ನು ಬೇಗ ಅರ್ಥ ಮಾಡಿಕೊಳ್ಳುತ್ತೇವೆ. ಯಾರಾದರೂ ಕೆಲಸ ಬಿಟ್ಟರೆ ನೋಟೀಸ್ ಪಿರಿಯಡ್ಡಿನಲ್ಲಿ ಹೊಸಬನಿಗೆ 'ಕೆಟಿ' ಕೊಡಿಸುತ್ತೇವಲ್ಲ, ಅದು. ಎಷ್ಟು ಡಾಕ್ಯುಮೆಂಟ್ ಬರೆದಿಟ್ಟರೂ ಪಕ್ಕದಲ್ಲಿ ಕೂತು ತೋರಿಸದ ಹೊರತು ಹೊಸಬನಿಗೆ ಕೆಲಸ ಹತ್ತುವುದಿಲ್ಲ. ಎನ್ನೆಸ್ಸೆಸ್ ಘಟಕ ಅಂದರೆ ಸೇರಿದ ದಿನವೇ ನೋಟೀಸ್ ಪಿರಿಯಡ್ ಶುರುವಾಗುವ ಕಂಪೆನಿ. ಎಂಬತ್ತು ಜನರಿಗೆ ಎಷ್ಟು ಸೇರು ಅಕ್ಕಿ, ಶಾಲೆಯ ಜಗಲಿಯಲ್ಲಿ ಒಲೆ ಎಲ್ಲಿ ಹೂಡುವುದು, ಊರಿನ ಯಾವ ಮನೆಯವರು ಮಜ್ಜಿಗೆ ಕೊಡುತ್ತಾರೆ, ಪಿಕ್ಕಾಸು ಹೇಗೆ ಹಿಡಿದರೆ ಕೈ ಬೊಬ್ಬೆ ಬರುವುದಿಲ್ಲ, ಮೊದಲ ರಾತ್ರಿ ಮನೆ ನೆನಪಾಗಿ ಅಳುವ ಹುಡುಗನನ್ನು ಹೇಗೆ ನಗಿಸುವುದು. ಯಾವ ಕೈಪಿಡಿಯಲ್ಲಿಯೂ ಇದಿಲ್ಲ. ಎರಡನೇ ವರ್ಷದವ ಮೊದಲ ವರ್ಷದವನಿಗೆ ಕೆಲಸ ಮಾಡುತ್ತಾ ದಾಟಿಸಬೇಕು.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದಾಗ ತುಂಡಾದದ್ದು ಈ ಸರಪಳಿ. ಎರಡು ವರ್ಷ ಶಿಬಿರಗಳು ಸರಿಯಾಗಿ ನಡೆಯಲಿಲ್ಲ. ಎರಡೇ ವರ್ಷ ಅಂತ ಹೇಳಬೇಡಿ, ಎರಡು ವರ್ಷದ ಅವಧಿಯ ಸಂಘಕ್ಕೆ ಅದು ಒಂದು ಇಡೀ ತಲೆಮಾರು. ಕಾಲೇಜು ಮತ್ತೆ ತೆರೆದಾಗ ಶಿಬಿರ ಕಂಡ ಒಬ್ಬನೇ ಒಬ್ಬ ಸೀನಿಯರ್ ಉಳಿಯದ ಘಟಕಗಳಿದ್ದವು. ಹೆಸರಿತ್ತು, ಬ್ಯಾನರಿತ್ತು, ಪಾತ್ರೆ ಸಾಮಾನು ಗೋಡೌನಿನಲ್ಲಿತ್ತು. ಗೊತ್ತಿದ್ದವರು ಇರಲಿಲ್ಲ.

ಅಂಥ ಹೊತ್ತಿನಲ್ಲಿ ಏನು ಮಾಡಬೇಕಿತ್ತು? ನನ್ನ ಕೇಳಿದರೆ, ಇಪ್ಪತ್ತು ಜನರನ್ನು ಮಾತ್ರ ತೆಗೆದುಕೊಂಡು, ಪಾಸಾಗಿ ಹೋದ ಹಳಬರನ್ನು ಏಳು ದಿನಕ್ಕೆ ಕರೆಸಿ, ಚಿಕ್ಕದೊಂದು ಶಿಬಿರ ಮಾಡಿ, ಮುಂದಿನ ವರ್ಷ ಆ ಇಪ್ಪತ್ತು ಜನ ನಲವತ್ತಾಗುವ ಹಾಗೆ ನೋಡಿಕೊಳ್ಳಬೇಕಿತ್ತು. ನಿಧಾನ, ಆದರೆ ಗಟ್ಟಿ. ನನಗೆ ಗೊತ್ತಿರುವ ಕಡೆಗಳಲ್ಲಿ ಆದದ್ದು ಮಾತ್ರ ಇದು: ಮೊದಲು ನೂರು ತುಂಬಿಸಿ, ಉಳಿದದ್ದು ಆಮೇಲೆ.

ತುಂಬಿಸುವ ಉಪಾಯಗಳೂ ಒಂದೊಂದಾಗಿ ಬಂದವು. ನಮ್ಮ ಇಂಜಿನಿಯರಿಂಗಿನ ಕಥೆಯನ್ನೇ ನೋಡಿ. ವಿಟಿಯುನಲ್ಲಿ 2018ರ ಸ್ಕೀಮಿನಿಂದ ಡಿಗ್ರಿ ಸಿಗಬೇಕಾದರೆ ನೂರು ಆಕ್ಟಿವಿಟಿ ಪಾಯಿಂಟು ಬೇಕು. 2022ರ ಸ್ಕೀಮಿನಲ್ಲಿ ಮೂರರಿಂದ ಆರನೇ ಸೆಮಿಸ್ಟರ್ ತನಕ ಎನ್ನೆಸ್ಸೆಸ್, ದೈಹಿಕ ಶಿಕ್ಷಣ, ಯೋಗ ಇವುಗಳಲ್ಲಿ ಒಂದು ಕಡ್ಡಾಯ. ಉದ್ದೇಶ ಒಳ್ಳೆಯದೇ ಇರಬಹುದು. ಆದರೆ 'ಕಡ್ಡಾಯ ಸ್ವಯಂಸೇವಕ' ಅಂದರೆ ಎಂತದ್ದು? 'ಒಣಗಿದ ನೀರು' ಅಂದ ಹಾಗೆ. ಪಾಯಿಂಟಿಗೆ ಪುರಾವೆ ಬೇಕು, ಪುರಾವೆ ಅಂದರೆ ಫೋಟೋ. ಹಾಗಾಗಿ ಬಸ್ ಸ್ಟ್ಯಾಂಡಿನಲ್ಲಿ ಹದಿನೈದು ಜನ ಹೊಸ ಪೊರಕೆ ಹಿಡಿದು ಒಂದು ಸಾಲಿನಲ್ಲಿ ನಿಲ್ಲುತ್ತಾರೆ, ಹಿಂದೆ ಬ್ಯಾನರು, ಮುಂದೆ ನಾಲ್ಕು ಕಾಗದದ ಚೂರು. ಫೋಟೋ ಆದ ಮೇಲೆ ಪೊರಕೆಗಳು ಆಟೋದಲ್ಲಿ ಕಾಲೇಜಿಗೆ ವಾಪಸ್ಸು. ಸಮಾರಂಭವಾದರೆ ಇನ್ನೂ ಚಂದ: ಒಂದು ಗಂಟೆ ಶ್ರಮದಾನಕ್ಕೆ ಮೂರು ಗಂಟೆ ಉದ್ಘಾಟನೆ, ಏಳು ಶಾಲು, ಒಂಬತ್ತು ಸ್ಮರಣಿಕೆ.

ಇಷ್ಟು ಹೇಳಿದರೆ ಒಂದು ಉತ್ತರ ಸಿದ್ಧವಾಗಿರುತ್ತದೆ. "ಎಂತ ಮಾರಾಯ, ಮಾರ್ಕ್ ಇಲ್ಲದಿದ್ರೆ ಈಗಿನ ಮಕ್ಕಳು ಬರ್ತಾರಾ? ಅವರಿಗೆ ಮೊಬೈಲ್ ಒಂದಿದ್ರೆ ಸಾಕು."

ಸುಳ್ಳು. ಶುದ್ಧ ಸುಳ್ಳು. ಏಪ್ರಿಲಿನಲ್ಲಿ ಪುತ್ತೂರು ಮಹಾಲಿಂಗೇಶ್ವರನ ಜಾತ್ರೆಗೆ ಬನ್ನಿ. 10ರಿಂದ 20ರ ತನಕ ಊರು ತುಂಬ ಜನ. ಊಟದ ಪಂಕ್ತಿಯಲ್ಲಿ ಅನ್ನದ ಬಕೆಟು ಹಿಡಿದು ಓಡುವವರು ಯಾರು? ಇದೇ "ಈಗಿನ ಮಕ್ಕಳು". ಸುಬ್ರಹ್ಮಣ್ಯದ ಚಂಪಾಷಷ್ಠಿಗೆ, ಊರಿನ ನೇಮಕ್ಕೆ, ಉರೂಸಿಗೆ, ಚರ್ಚಿನ ಹಬ್ಬಕ್ಕೆ, ಯಾರದೋ ಮದುವೆಯ ಹಿಂದಿನ ರಾತ್ರಿ ತೆಂಗಿನಕಾಯಿ ತುರಿಯುವುದಕ್ಕೆ, ಕಂಬಳದ ಕರೆ ಸರಿಮಾಡುವುದಕ್ಕೆ, ಗದ್ದೆಯಲ್ಲಿ ಅಂಡರ್ ಆರ್ಮ್ ಕ್ರಿಕೆಟ್ ಪಂದ್ಯಕ್ಕೆ ರಾತ್ರಿಯಿಡೀ ಲೈಟು ಕಟ್ಟುವುದಕ್ಕೆ ಇವರೇ ಬೇಕು, ಇವರೇ ಬರುತ್ತಾರೆ. ಯಾರೂ ಸರ್ಟಿಫಿಕೇಟು ಕೇಳಿದ್ದು ನಾನು ಕಾಣೆ. ದುಡಿಯುವ ಹುಮ್ಮಸ್ಸಿಗೆ ನಮ್ಮೂರಲ್ಲಿ ಬರಗಾಲ ಬಂದಿಲ್ಲ. "ನೀನು ಬಾರದಿದ್ದರೆ ಆಗ್ಲಿಕ್ಕಿಲ್ಲ" ಅಂತ ಹೆಸರು ಹಿಡಿದು ಕರೆಯುವವರಿದ್ದಾರಾ ಇಲ್ಲವಾ ಅನ್ನುವುದಷ್ಟೇ ಪ್ರಶ್ನೆ.

ಈಗ ಹೇಳುವುದು ಕೆಲವರಿಗೆ ಹಿತವಾಗಲಿಕ್ಕಿಲ್ಲ. ಹೆಸರು ಹಿಡಿದು ಕರೆಯುವವರು ಇನ್ನೂ ಕೆಲವರಿದ್ದಾರೆ. ದ್ವೇಷವನ್ನೇ ಬಂಡವಾಳ ಮಾಡಿಕೊಂಡ ಗುಂಪುಗಳವರು, ಎರಡೂ ಕಡೆಯವರು. ಅವರ ಭರ್ತಿ ವರ್ಷವಿಡೀ ನಡೆಯುತ್ತದೆ. ಅವರು ಮಾರ್ಕು ಕೊಡುವುದಿಲ್ಲ, ಪಾಯಿಂಟು ಕೊಡುವುದಿಲ್ಲ. ಅಪ್ಪನಿಗೆ ಹುಷಾರಿಲ್ಲದಾಗ ಆಸ್ಪತ್ರೆಗೆ ಬರುತ್ತಾರೆ, ರಕ್ತ ಬೇಕಾದರೆ ಕೊಡಿಸುತ್ತಾರೆ, ಬೈಕು ಕೆಟ್ಟರೆ ರಾತ್ರಿ ಹನ್ನೊಂದಕ್ಕೆ ಬರುತ್ತಾರೆ. ಹುಡುಗ ಅವರವನಾಗಿಬಿಡುತ್ತಾನೆ. ಆಮೇಲೆ ಅವನ ಕೈಯಿಂದ ಏನು ಮಾಡಿಸುತ್ತಾರೆ ಅನ್ನುವುದು ಬೇರೆ ಮಾತು. 2022ರ ಜುಲೈಯಲ್ಲಿ ಸುಳ್ಯ ತಾಲೂಕಿನ ಬೆಳ್ಳಾರೆ ಪರಿಸರದಲ್ಲಿ ಒಂದು ವಾರದೊಳಗೆ ಇಬ್ಬರು ಯುವಕರ ಜೀವ ಹೋಯಿತು. ಇಬ್ಬರೂ ಬೇರೆ ಬೇರೆ ಧರ್ಮದವರು, ಇಬ್ಬರೂ ಕೊಲೆಯಾದವರು. ಆ ದಿನಗಳಲ್ಲಿ ಬೆಂಗಳೂರಿನಲ್ಲಿ ಕೂತು ಊರಿಗೆ ಫೋನು ಮಾಡಿದ ನಮಗೆಲ್ಲ ಗೊತ್ತು, ಮನೆಯವರ ಸ್ವರ ಹೇಗಿತ್ತು ಅಂತ.

ಎನ್ನೆಸ್ಸೆಸ್ ಶಿಬಿರ ಇದ್ದಿದ್ದರೆ ಕೊಲೆ ತಪ್ಪುತ್ತಿತ್ತು ಅಂತ ನಾನು ಹೇಳುತ್ತಿಲ್ಲ. ಅಷ್ಟು ಮೂರ್ಖನಲ್ಲ. ಆದರೆ ನೀವೇ ಯೋಚಿಸಿ: ನಮ್ಮ ಊರಿನಲ್ಲಿ ಹತ್ತೊಂಬತ್ತು ವರ್ಷದ ಹಿಂದೂ, ಮುಸ್ಲಿಂ, ಕ್ರಿಶ್ಚಿಯನ್ ಹುಡುಗರು ಏಳು ದಿನ ಒಂದೇ ಸೂರಿನಡಿ ಮಲಗಿ, ಒಂದೇ ಪಾತ್ರೆಯ ಗಂಜಿ ಉಂಡು, ಸರದಿಯಲ್ಲಿ ಒಬ್ಬರ ತಟ್ಟೆ ಒಬ್ಬರು ತೊಳೆಯುವ ಜಾಗ ಬೇರೆ ಎಷ್ಟಿದೆ? ಬೆರಳಲ್ಲಿ ಎಣಿಸಿ. ಅಂಥ ಅಪರೂಪದ ಜಾಗವನ್ನು ಪೊರಕೆ ಫೋಟೋಕ್ಕೆ ಇಳಿಸಿದ ಮೇಲೆ, ಆ ಖಾಲಿ ಜಾಗಕ್ಕೆ ಯಾರು ಬಂದು ಕೂರುತ್ತಾರೆ ಅಂತ ಆಶ್ಚರ್ಯಪಡುವ ಹಕ್ಕು ನಮಗಿಲ್ಲ.

ಇನ್ನು ಊರಿನ ಕಡೆಯಿಂದ ನೋಡಿ. ನಮ್ಮ ತೋಡುಗಳಿಗೆ ಮಳೆ ನಿಂತು ನೀರಿನ ರಭಸ ಇಳಿದ ಮೇಲೆ, ನವೆಂಬರ್-ಡಿಸೆಂಬರಿನ ಹೊತ್ತಿಗೆ, ಕಟ್ಟ ಕಟ್ಟುತ್ತಿದ್ದರು. ಕಲ್ಲು, ಮಣ್ಣು, ಮರದ ಕಂಬ, ಸೊಪ್ಪು. ಈಚೆಗೆ ಮರಳಿನ ಚೀಲ. ತೋಡಿನುದ್ದಕ್ಕೂ ಒಂದರ ಕೆಳಗೆ ಒಂದು ಕಟ್ಟವಿದ್ದರೆ ಮಾರ್ಚಿನ ತನಕ ನೀರು ನಿಂತು ಆಚೀಚೆಯ ಬಾವಿಗಳಲ್ಲಿ ನೀರು ಉಳಿಯುತ್ತಿತ್ತು. ಪುತ್ತೂರಿನಿಂದ ಬರುವ 'ಅಡಿಕೆ ಪತ್ರಿಕೆ'ಯನ್ನು ಓದಿದವರಿಗೆ, ಶ್ರೀಪಡ್ರೆಯವರ ಲೇಖನ ಓದಿದವರಿಗೆ ಇದು ಹೊಸ ವಿಷಯ ಅಲ್ಲ. ಕಟ್ಟಕ್ಕೆ ದುಡ್ಡು ಹೆಚ್ಚು ಬೇಡ, ಒಂದು ದಿನ ನಲವತ್ತು ಜನರ ರಟ್ಟೆ ಬೇಕು. ಆ ರಟ್ಟೆಗಳೆಲ್ಲ ಈಗ ಬೆಂಗಳೂರಿನಲ್ಲಿ ಕೀಬೋರ್ಡ್ ಕುಟ್ಟುತ್ತಿವೆ, ನನ್ನದೂ ಸೇರಿ. ಮನೆಯಲ್ಲಿ ಉಳಿದವರಿಗೆ ಅರುವತ್ತೈದು ದಾಟಿದೆ, ಕೆಲಸಕ್ಕೆ ಜನ ಸಿಗುವುದಿಲ್ಲ, ಬೋರ್‌ವೆಲ್ಲು ಮಾತ್ರ ಕೆಳಗೆ ಕೆಳಗೆ ಹೋಗುತ್ತಿದೆ. ಕಾಲೇಜಿನ ಒಂದು ಘಟಕ ಏಳು ದಿನ ಒಂದು ತೋಡನ್ನು ಹಿಡಿದರೆ ಆರು ಕಟ್ಟ ಆಗುತ್ತದೆ. ಕಡಬ, ಸುಳ್ಯದ ಒಳಭಾಗದಲ್ಲಿ ಮಳೆಗಾಲಕ್ಕೆ ಅಡಿಕೆ ಮರದ ಕಾಲುಸಂಕದಲ್ಲಿ ಶಾಲೆಗೆ ಹೋಗುವ ಮಕ್ಕಳು ಈಗಲೂ ಇದ್ದಾರೆ. ಅಲ್ಲಿಯೂ ಕೆಲಸ ಉಂಟು. ಪೊರಕೆಯಿಂದ ಆಗುವಂಥದ್ದಲ್ಲ ಅಷ್ಟೆ.

ಅಮೆರಿಕದಲ್ಲಿರುವ ಗೆಳೆಯರು ಅಲ್ಲಿಯ ಕಾಲೇಜಿನ ಫ್ರೆಟರ್ನಿಟಿಗಳ ಬಗ್ಗೆ ಹೇಳುತ್ತಿರುತ್ತಾರೆ. ಗ್ರೀಕ್ ಅಕ್ಷರದ ಹೆಸರು, ಒಟ್ಟಿಗೆ ವಾಸಕ್ಕೆ ಒಂದು ಮನೆ, ವರ್ಷದ ಆರಂಭದಲ್ಲಿ ಹೊಸಬರ ಆಯ್ಕೆ. ಅವುಗಳಲ್ಲಿ ಕುಡಿತ, ರ‍್ಯಾಗಿಂಗು, ಜೀವಹಾನಿ ಎಲ್ಲ ಆಗಿದೆ, ನಮಗೆ ಅದು ಬೇಡ. ಆದರೆ ಒಂದು ಬುದ್ಧಿ ಕಲಿಯಬಹುದು. ಅಲ್ಲಿ ಒಂದು ಶಾಖೆ ಕುಸಿದರೆ ಮತ್ತೆ ಎತ್ತಿ ನಿಲ್ಲಿಸಲು ಹಳೆ ಸದಸ್ಯರು ಬರುತ್ತಾರೆ. ದುಡ್ಡು ಕೊಡುತ್ತಾರೆ, ಬಂದು ಕೂತು ಹೊಸಬರಿಗೆ ರೀತಿ ನೀತಿ ಹೇಳಿಕೊಡುತ್ತಾರೆ. ಸಂಘದ ನೆನಪು ಹಳಬರ ಹತ್ತಿರ ಇರುತ್ತದೆ. ನಮ್ಮಲ್ಲಿ ಹಳೆ ವಿದ್ಯಾರ್ಥಿ ಅಂದರೆ ಶತಮಾನೋತ್ಸವಕ್ಕೆ ಚೆಕ್ ಕೊಡುವವನು ಅಂತ ಅರ್ಥ!

ಸರಿ, ಬೈದದ್ದು ಸಾಕು, ಏನು ಮಾಡಬೇಕು ಅಂತ ಹೇಳು ಅನ್ನುತ್ತೀರಾ? ಹೇಳ್ತೇನೆ.

ಒಂದು, ಸೇರಿದ್ದಕ್ಕೆ ಮಾರ್ಕು ಕೊಡುವುದು ನಿಲ್ಲಲಿ. ಕೊಡಲೇಬೇಕು ಅಂತಿದ್ದರೆ ಎರಡು ವರ್ಷ ಮುಗಿಸಿದವನಿಗೆ, ಕೊನೆಯಲ್ಲಿ, ಅವನು ಕೇಳದೆ ಕೊಡಿ.

ಎರಡು, ನೂರು ತುಂಬದಿದ್ದರೆ ತಲೆ ಹೋಗುವುದಿಲ್ಲ. ನಲವತ್ತು ಜನ ಸಾಕು. ಹೊಸಬರನ್ನು ಕರೆಯುವ ಕೆಲಸ ನೋಟೀಸಿಗೆ ಬೇಡ, ಎರಡನೇ ವರ್ಷದ ಹುಡುಗ ಹುಡುಗಿಯರು ಕ್ಲಾಸಿಗೆ ಹೋಗಿ ಕರೆಯಲಿ. ಒಬ್ಬ ಸೀನಿಯರಿಗೆ ಒಬ್ಬ ಜೂನಿಯರ್, ಎರಡೂ ಶಿಬಿರ ಮುಗಿಯುವ ತನಕ.

ಮೂರು, ಕೆಲಸ ಯಾವುದು ಅಂತ ಊರು ಹೇಳಲಿ. ಶಿಬಿರಕ್ಕೆ ಒಂದು ತಿಂಗಳು ಮೊದಲು ನಾಲ್ಕು ಜನ ಹೋಗಿ ಮನೆ ಮನೆಯಲ್ಲಿ ಕೇಳಿ ಬರಲಿ. ಮುಂದಿನ ವರ್ಷ ಅದೇ ಊರಿಗೆ ಹೋಗಿ ಹಿಂದಿನ ವರ್ಷದ ಕಟ್ಟ ಏನಾಯಿತು ನೋಡಲಿ.

ನಾಲ್ಕು, ಉದ್ಘಾಟನೆ ಇಪ್ಪತ್ತು ನಿಮಿಷ. ಶಾಲು ಬೇಡ, ಆ ದುಡ್ಡಿಗೆ ಹಾರೆ ಕೊಳ್ಳಿ.

"ಯೋಜನಾಧಿಕಾರಿಗಳ ಕಷ್ಟ ನಿನಗೇನು ಗೊತ್ತು?" ಅಂತ ಮೇಷ್ಟ್ರುಗಳು ಕೇಳಬಹುದು. ನ್ಯಾಯವಾದ ಪ್ರಶ್ನೆ. ಪಾಠದ ಹೊರೆ ಹಾಗೆಯೇ ಇಟ್ಟು ಮೇಲಿಂದ ಇದನ್ನೂ ಹೊರಿಸುತ್ತಾರೆ. ಸರಕಾರಿ ಕಾಲೇಜುಗಳಲ್ಲಂತೂ ಎಷ್ಟೋ ಕಡೆ ಅತಿಥಿ ಉಪನ್ಯಾಸಕರ ಮೇಲೆಯೇ ಕಾಲೇಜು ನಿಂತಿದೆ. ಹೀಗಿದ್ದೂ ರಜೆಯಲ್ಲಿ ಮಕ್ಕಳ ಜೊತೆ ಶಾಲೆಯ ನೆಲದಲ್ಲಿ ಚಾಪೆ ಹಾಸಿ ಮಲಗುವ ಮೇಷ್ಟ್ರುಗಳು ನಮ್ಮಲ್ಲಿದ್ದಾರೆ, ಅವರಿಗೆ ದೊಡ್ಡ ನಮಸ್ಕಾರ. ನನ್ನ ಜಗಳ ಅವರ ಪರವಾಗಿಯೇ. ನೂರರ ಪಟ್ಟಿ, ಮೂರು ಪ್ರತಿ ವರದಿ, ಜಿಯೋಟ್ಯಾಗ್ ಫೋಟೋ ಇವುಗಳಿಂದ ಅವರಿಗೆ ಬಿಡುಗಡೆ ಸಿಕ್ಕಿದರೆ ಮಕ್ಕಳ ಜೊತೆ ಇರಲಿಕ್ಕೆ ಸಮಯವಾದರೂ ಸಿಗುತ್ತದೆ.

ಕೊನೆಯದಾಗಿ ನಮ್ಮಂಥವರಿಗೆ. ಇದನ್ನು ಓದುತ್ತಿರುವ ಅರ್ಧ ಜನ ಊರು ಬಿಟ್ಟವರೇ, ನನಗೆ ಗೊತ್ತು. ಊರಿನ ಮಳೆ, ಪತ್ರೊಡೆ, ಹಲಸಿನ ಹಪ್ಪಳದ ಬಗ್ಗೆ ನಾವು ಪುಟಗಟ್ಟಲೆ ಬರೆಯುತ್ತೇವೆ. ಬರೆಯೋಣ, ಬೇಡ ಅನ್ನುವುದಿಲ್ಲ. ಆದರೆ ವರ್ಷದ ರಜೆಯಲ್ಲಿ ಎರಡು ದಿನ ತೆಗೆದಿಟ್ಟು, ನಿಮ್ಮ ಹಳೆ ಕಾಲೇಜಿನ ಘಟಕದ ಶಿಬಿರ ಯಾವ ಊರಿನಲ್ಲಿ ಅಂತ ಕೇಳಿ ಹೋಗಿ. ವೇದಿಕೆ ಹತ್ತಬೇಡಿ, ಕೆರಿಯರ್ ಗೈಡೆನ್ಸ್ ಭಾಷಣ ಮಾಡಬೇಡಿ. ಲುಂಗಿ ಎತ್ತಿ ಕಟ್ಟಿ ತೋಡಿಗೆ ಇಳಿಯಿರಿ. ಮರಳಿನ ಚೀಲದ ಬಾಯಿ ಹೇಗೆ ಕಟ್ಟುವುದು ಅಂತ ಪಕ್ಕದ ಹುಡುಗನಿಗೆ ತೋರಿಸಿಕೊಡಿ. ನಿಮಗೆ ಮರೆತುಹೋಗಿದ್ದರೆ ಅಲ್ಲಿಯ ಅಜ್ಜ ಯಾರಾದರೂ ಇಬ್ಬರಿಗೂ ಹೇಳಿಕೊಟ್ಟಾರು.

ನಿಮ್ಮ ಕಾಲೇಜಿನ ಘಟಕ ಈಗ ಹೇಗುಂಟು? ಬರೆಯಿರಿ, ಜಗಳಕ್ಕೂ ಸ್ವಾಗತ.