ಮಾತ್ರೆ ಅದೇ, ಕಂಪನಿ ಬೇರೆ!

"ಅದೇ ಮಾತ್ರೆ ಕಣಮ್ಮಾ, ಕಂಪನಿ ಬೇರೆ ಅಷ್ಟೆ." ಇ.ಎಸ್.ಐ. ಡಿಸ್ಪೆನ್ಸರಿ ಕಿಟಕಿಯಲ್ಲೂ ಮೆಡಿಕಲ್ ಸ್ಟೋರಿನಲ್ಲೂ ಥೈರಾಯ್ಡ್ ರೋಗಿಗಳು ಕೇಳಿ ಕೇಳಿ ಸಾಕಾದ ಮಾತಿದು. ಜ್ವರದ ಮಾತ್ರೆಗಾದರೆ ನಡೆದೀತು. ಥೈರಾಯ್ಡಿಗೆ ಅಷ್ಟು ಸಲೀಸಾಗಿ ಹೇಳಬಾರದು.

ಲೀವೊಥೈರಾಕ್ಸಿನ್ ಅನ್ನೋ ಈ ಔಷಧದ ಅಳತೆ ಮೈಕ್ರೋಗ್ರಾಮಿನಲ್ಲಿ, ಅಂದರೆ ಮಿಲಿಗ್ರಾಮಿನ ಸಾವಿರದಲ್ಲೊಂದು ಪಾಲು. ಹೆಚ್ಚಾದರೆ ಎದೆ ಢವಗುಟ್ಟುತ್ತೆ, ನಿದ್ದೆ ಬರೋಲ್ಲ. ಕಮ್ಮಿಯಾದರೆ ಮೈ ಭಾರ, ಸುಸ್ತು. ಬೆಳಕು, ತೇವ ತಾಗಿದರೆ ಸತ್ವ ಇಳಿಯುತ್ತೆ. ಇದನ್ನು ಕಂಡೇ ಅಮೆರಿಕ ಸರಕಾರದ ಔಷಧ ಇಲಾಖೆ 2007ರಲ್ಲಿ, ಮಾತ್ರೆಯ ಸತ್ವ ಶೇಕಡಾ 95ರಿಂದ 105ರೊಳಗೇ ಇರಬೇಕೆಂದು ಬಿಗಿ ಮಾಡಿತು. ಮುಂಚೆ 90ರಿಂದ 110 ಇತ್ತು.

ಹಾಗಂತ ಅಗ್ಗದ್ದೆಲ್ಲ ಕೆಟ್ಟದ್ದು ಅಂತಲ್ಲ. ಜನೌಷಧಿ ಅಂಗಡಿಯ ಮಾತ್ರೆ ನುಂಗಿಯೂ ನೆಟ್ಟಗಿರುವವರಿದ್ದಾರೆ. ಕಾಫಿ ಜೊತೆ ಮಾತ್ರೆ ನುಂಗಿ ಕಂಪನಿಯನ್ನು ಬೈಯುವವರೂ ಇದ್ದಾರೆ, ಬಿಡಿ. ಯಾವುದೇ ಆಗಲಿ, ಒಂದನ್ನೇ ಹಿಡಿದರೆ ಡಾಕ್ಟರು ಟಿ.ಎಸ್.ಎಚ್. ನೋಡಿ ಅಳತೆ ಕೂರಿಸುತ್ತಾರೆ. ಕಂಪನಿ ಬದಲಾದರೆ ಎಲ್ಲರಿಗೂ ಏರುಪೇರಾಗೋಲ್ಲ, ಕೆಲವರಿಗೆ ಆಗುತ್ತೆ. ಆರೆಂಟು ವಾರ ಬಿಟ್ಟು ಮತ್ತೆ ರಕ್ತ ಕೊಡಬೇಕು.

ಇದರಲ್ಲಿ ಉಳಿಯೋದಾದರೂ ಎಷ್ಟು? ಹೆಸರಾಂತ ಕಂಪನಿಯ ಮಾತ್ರೆಯೂ ಒಂದಕ್ಕೆ ಒಂದೆರಡು ರೂಪಾಯಿ. ತಿಂಗಳಿಗೆ ಒಂದು ಮಸಾಲೆದೋಸೆ ದುಡ್ಡು. ಹೊರಗೆ ಪರೀಕ್ಷೆ ಮಾಡಿಸಿದರೆ ನೂರಾರು ರೂಪಾಯಿ, ಮೇಲೆ ಅರ್ಧ ದಿನದ ಕೂಲಿ ಖೋತಾ. 2023ರಿಂದ ಹೆಂಗಸರಿಗೆ ಸರಕಾರಿ ಬಸ್ಸು ಪುಕ್ಕಟೆ, ನಿಜ. ಲ್ಯಾಬಿನವನು ಬಿಡ್ತಾನಾ?

ಮೆಡಿಕ್ಲೇಮ್ ಇದೆ ಅಂತ ಅಂಗಡಿಯವರು ನಿಶ್ಚಿಂತೆಯಿಂದ ಇರಬೇಡಿ. ಸಾಮಾನ್ಯ ಪಾಲಿಸಿ ಆಸ್ಪತ್ರೆಗೆ ಸೇರಿದರೆ ತಾನೇ ಕೈ ಬಿಚ್ಚೋದು? ಹೊರರೋಗಿ ಸೌಲಭ್ಯವನ್ನು ಬೇರೆಯಾಗಿ ಸೇರಿಸಿಕೊಳ್ಳದಿದ್ದರೆ ದಿನಾ ನುಂಗುವ ಮಾತ್ರೆಗೆ ಚಿಕ್ಕಾಸೂ ಇಲ್ಲ.

ಇ.ಎಸ್.ಐ. ಹೊರರೋಗಿಗೂ ಔಷಧ ಕೊಡುತ್ತೆ, ಒಪ್ಪೋಣ. ಅದೇನು ದಾನವಲ್ಲ ಸ್ವಾಮೀ, ಸಂಬಳದ ಮೇಲೆ ನೌಕರ ಶೇಕಡಾ 0.75, ಮಾಲೀಕ 3.25 ಕಟ್ಟುತ್ತಾರೆ. ಆದರೆ ದರಗುತ್ತಿಗೆ ಯಾರಿಗೆ ಸಿಕ್ಕಿತೋ ಅವರ ಮಾತ್ರೆ. ಗುತ್ತಿಗೆ ಬದಲಾದರೆ ಡಬ್ಬಿಯೂ ಬದಲು.

ಅಮೆರಿಕದ ವಿಮಾ ಕಂಪನಿಗಳೂ ಮೊದಲು ಜನರಿಕ್ಕೇ ನುಂಗು ಅನ್ನುತ್ತವೆ. ಆದರೆ ಡಾಕ್ಟರು ಕಾರಣ ಬರೆದು ಅರ್ಜಿ ಹಾಕಿ ಬ್ರ್ಯಾಂಡಿಗೆ ಒಪ್ಪಿಗೆ ಕೇಳುವ ದಾರಿ ಅಲ್ಲಿದೆ. ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗವೂ 2023ರ ಆಗಸ್ಟಿನಲ್ಲಿ ಜನರಿಕ್ ಹೆಸರನ್ನೇ ಬರೆಯಿರಿ ಅಂತ ನಿಯಮ ಮಾಡಿದಾಗ ಅಳತೆ ನಾಜೂಕಾದ ಔಷಧಗಳಿಗೆ ವಿನಾಯಿತಿ ಇಟ್ಟಿತ್ತು. ಆ ನಿಯಮಕ್ಕೆ ಅದೇ ತಿಂಗಳು ತಡೆ ಬಿತ್ತು, ಅದು ಬೇರೆ ಮಾತು.

ಕೇಳೋದು ಇಷ್ಟೇ. ಇಂಥದೇ ಕಂಪನಿಯದು ಮುಂದುವರಿಸಿ ಅಂತ ಡಾಕ್ಟರು ಕಾರಣ ಸಮೇತ ಚೀಟಿಯಲ್ಲಿ ಬರೆದರೆ, ಇ.ಎಸ್.ಐ. ಅದನ್ನೇ ಕೊಡಲಿ, ಇಲ್ಲವೆ ಹೊರಗೆ ಕೊಂಡ ಬಿಲ್ಲಿಗೆ ತಕರಾರಿಲ್ಲದೆ ದುಡ್ಡು ವಾಪಸು ಮಾಡಲಿ. ಹೊರರೋಗಿ ಪ್ರೀಮಿಯಂ ಎಣಿಸಿಕೊಳ್ಳುವ ವಿಮಾ ಕಂಪನಿಗಳಿಗೂ ಇದೇ ಮಾತು.

ಅಲ್ಲಿಯ ತನಕ ಹಳೇ ಡಬ್ಬಿ ಎಸೆಯಬೇಡಿ. ಹೊಸದು ಕೊಟ್ಟಾಗ ಪಕ್ಕದಲ್ಲಿಟ್ಟು ಕಂಪನಿ ಹೆಸರು ಹೊಂದಿಸಿ ನೋಡಿ. ಬೇರೆಯಾಗಿದ್ದರೆ ತಾರೀಖು ಗುರುತು ಹಾಕಿ ಡಾಕ್ಟರಿಗೆ ತಿಳಿಸಿ.